‘ಟೆರಿಬ್ಲಿ ಹ್ಯಾಪಿ’ ಹಾಕಿದೆವು, ಯಾರೂ ನಗಲಿಲ್ಲ. ತಪ್ಪಿದ್ದೆಲ್ಲಿ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಪುಟ್ಟ ಚಿತ್ರಸಮಾಜ. ಕಳೆದ ತಿಂಗಳು ಡೆನ್ಮಾರ್ಕಿನ ‘ಟೆರಿಬ್ಲಿ ಹ್ಯಾಪಿ’ ಹಾಕಿದ್ದೆವು. ‘ಸಣ್ಣ ಊರಿನ ಪೊಲೀಸಪ್ಪನ ಡಾರ್ಕ್ ಕಾಮಿಡಿ, ತಪ್ಪದೆ ಬನ್ನಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೆವು. ಅರ್ಧ ಗಂಟೆ ಕಳೆದರೂ ಸಭೆಯಲ್ಲಿ ಒಂದು ನಗೆ ಏಳಲಿಲ್ಲ. ‘ಗಂಡ ಹೆಂಡತಿಗೆ ಹೊಡೆಯೋದು, ಪೊಲೀಸು ಸಣ್ಣ ಹುಡುಗನ ಕೆನ್ನೆಗೆ ಬಾರಿಸೋದು, ಇದು ಕಾಮಿಡಿನಾ?’ ಎಂದು ಇಬ್ಬರು ಹೆಣ್ಣುಮಕ್ಕಳು ಎದ್ದು ಹೋದರು. ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ಕನ್ನಡ ಸಬ್‌ಟೈಟಲ್ ನಾನೇ ಮಾಡಿದ್ದೆ, ಅದರಲ್ಲಿ ಎಡವಿದೆನೇ ಎಂಬ ಅನುಮಾನವೂ ಇದೆ. ಕೊನೆಕೊನೆಗೆ ಮಾತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗಿತ್ತು. ಇದು ನಡೆದ ಕತೆ ಎಂದು ಸದಸ್ಯರೊಬ್ಬರು ಹೇಳಿದರು. ಅಲ್ಲಿಯ ಪೊಲೀಸರು ನಿಜಕ್ಕೂ ಹೀಗೆಯೇ? ಮುಂದಿನ ತಿಂಗಳು ಇದನ್ನೇ ಇಲ್ಲಿನ ಡಿಗ್ರಿ ಕಾಲೇಜಿನಲ್ಲಿ ಹಾಕಬೇಕು. ಹೊಡೆಯುವ ಭಾಗ ಕತ್ತರಿಸಿ ತೋರಿಸಲೇ? ಅಥವಾ ಇದನ್ನು ಬಿಟ್ಟು ಸ್ವೀಡನ್ನಿನ ‘ಕಾಪ್ಸ್’ ಹಾಕಲೇ? ನಮ್ಮ ಊರಿನವರಿಗೆ ಇಂಥ ಸಿನಿಮಾ ಅರ್ಥವಾಗುವುದಿಲ್ಲ ಎಂದು ಸಮಿತಿಯಲ್ಲಿ ಕೆಲವರು ಆಗಲೇ ತೀರ್ಮಾನಕ್ಕೆ ಬಂದಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು, ಆತಂಕ ಒಂದೇ. ಸಿನಿಮಾ ಸರಿಯಿಲ್ಲವೋ, ನೋಡುಗರು ಸರಿಯಿಲ್ಲವೋ, ತೋರಿಸಿದ ರೀತಿ ಸರಿಯಿಲ್ಲವೋ ಎಂಬುದು. ಸಿನಿಮಾದಲ್ಲೂ ನಿಮ್ಮ ಜನರಲ್ಲೂ ದೋಷವಿಲ್ಲ. ತೋರಿಸಿದ ರೀತಿಯಲ್ಲಿ ಮೂರು ಕಡೆ ಎಡವಟ್ಟಾಗಿದೆ, ಮೂರನ್ನೂ ಮುಂದಿನ ತಿಂಗಳೊಳಗೆ ಸರಿಮಾಡಬಹುದು. (ಚಿತ್ರ ನೋಡದವರು ಗಮನಿಸಿ: ಮುಂದೆ ಕತೆಯ ಕೆಲವು ತಿರುವುಗಳು ಬರುತ್ತವೆ.)

ಎದ್ದು ಹೋದ ಇಬ್ಬರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಅವರು ಚಿತ್ರವನ್ನು ತಪ್ಪು ತಿಳಿಯಲಿಲ್ಲ. ‘ಕಾಮಿಡಿ’ ಎಂದು ಕರೆಸಿಕೊಂಡು ಬಂದವರ ಮುಂದೆ ಹೊಡೆತ ತಿಂದ ಹೆಂಗಸೊಬ್ಬಳು ಠಾಣೆಗೆ ಬಂದು, ದೂರನ್ನೂ ಬರೆದುಕೊಡದೆ ಕೂತರೆ, ಇದನ್ನು ನೋಡಿ ನಗಬೇಕೇ ಎಂಬ ಪ್ರಶ್ನೆ ಏಳಲೇಬೇಕು. ಆ ದೃಶ್ಯದಲ್ಲಿ ನಗು ಇಲ್ಲ, ನಿರ್ದೇಶಕ ಹೆನ್ರಿಕ್ ರೂಬೆನ್ ಗೆಂಝ್ ಅಲ್ಲಿ ನಗು ಇಟ್ಟೂ ಇಲ್ಲ. ನಗು ಇರುವುದು ಅದರ ಅಕ್ಕಪಕ್ಕದಲ್ಲಿ: ಆ ಹೊಡೆತ ಇಡೀ ಊರಿಗೆ ಗೊತ್ತಿದ್ದರೂ ಎಲ್ಲರೂ ನಡೆದುಕೊಳ್ಳುವ ರೀತಿಯಲ್ಲಿ. ಈ ವ್ಯತ್ಯಾಸವನ್ನು ನಿಮ್ಮ ಆಹ್ವಾನ ಅಳಿಸಿಹಾಕಿತು. ಇದು ಮೊದಲನೆಯ ಎಡವಟ್ಟು.

ಕತೆಯ ಎಳೆ ಇಷ್ಟು. ಕೋಪನ್‌ಹೇಗನ್ ನಗರದ ಪೊಲೀಸ್ ರಾಬರ್ಟ್ ಹಾನ್ಸೆನ್ ಮನಸ್ಸು ಕುಸಿದು ಹೆಂಡತಿಯ ಮೇಲೆಯೇ ಪಿಸ್ತೂಲು ಎತ್ತಿದವನು. ಮೇಲಧಿಕಾರಿಗಳು ಅವನನ್ನು ತೆಗೆದುಹಾಕುವ ಬದಲು ದೇಶದ ಪಶ್ಚಿಮದ ಪರ್ಯಾಯದ್ವೀಪವಾದ ಜಟ್‌ಲ್ಯಾಂಡಿನ ದಕ್ಷಿಣದಲ್ಲಿರುವ ಸ್ಕಾರಿಲ್ಡ್ ಎಂಬ ಮೂಲೆಯ ಊರಿಗೆ ಹಾಕುತ್ತಾರೆ. ನಮ್ಮಲ್ಲಿ ನೀರಿಲ್ಲದ ಜಾಗಕ್ಕೆ ಎತ್ತಿಹಾಕಿದರು ಅನ್ನುತ್ತೇವಲ್ಲ, ಅಂಥ ವರ್ಗ. ವ್ಯತ್ಯಾಸವೆಂದರೆ ಆ ಊರಿನ ಸುತ್ತ ಬರೀ ನೀರು, ಕೆಸರು, ಜವುಗು. ನಾಲ್ಕು ದಿನ ತಲೆತಗ್ಗಿಸಿಕೊಂಡಿದ್ದು ರಾಜಧಾನಿಗೆ ಮರಳಬೇಕು, ಮಗಳನ್ನು ನೋಡಬೇಕು ಎಂಬುದು ಅವನ ಆಸೆ. ಊರಿಗೆ ಬೇರೆಯದೇ ಲೆಕ್ಕವಿದೆ. ರಾಬರ್ಟ್ ಆಗಿ ಯಾಕೋಬ್ ಸೆಡರ್‌ಗ್ರೆನ್, ಹೊಡೆತ ತಿನ್ನುವ ಇಂಗರ್‌ಲೀಸೆಯಾಗಿ ಲೆನೆ ಮರಿಯಾ ಕ್ರಿಸ್ಟೆನ್‌ಸೆನ್, ಗಂಡ ಯೊರ್ಗೆನ್ ಆಗಿ ಕಿಮ್ ಬೋಡ್ನಿಯಾ, ಊರ ಡಾಕ್ಟರಾಗಿ ಲಾರ್ಸ್ ಬ್ರುಗ್‌ಮನ್. ಚಿತ್ರ 2008ರದ್ದು. ಆ ವರ್ಷ ಚೆಕ್ ದೇಶದ ಕಾರ್ಲೊವಿ ವಾರಿ ಚಿತ್ರೋತ್ಸವದ ಮುಖ್ಯ ಪ್ರಶಸ್ತಿ ಕ್ರಿಸ್ಟಲ್ ಗ್ಲೋಬ್ ಬಂತು, ಮರುವರ್ಷ ಡೆನ್ಮಾರ್ಕಿನ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಬರ್ಟ್ ಪ್ರಶಸ್ತಿ ಬಂತು, ಆಸ್ಕರ್‌ಗೂ ದೇಶ ಇದನ್ನೇ ಕಳಿಸಿತು.

ನಡೆದ ಕತೆಯೇ ಎಂದರೆ, ಇದು ಎರ್ಲಿಂಗ್ ಯೆಪ್ಸೆನ್ ಬರೆದ ಕಾದಂಬರಿಯಿಂದ ಬಂದ ಚಿತ್ರ. ಲೇಖಕ, ನಿರ್ದೇಶಕ ಇಬ್ಬರೂ ದಕ್ಷಿಣ ಜಟ್‌ಲ್ಯಾಂಡಿನ ಗ್ರಾಮ್ ಎಂಬ ಒಂದೇ ಊರಿನವರು. ಆದ್ದರಿಂದ ಊರಿನ ಗುಣ, ಮಾತಿನ ಧಾಟಿ, ಅಂಗಡಿ, ಹೆಂಡದಂಗಡಿ ಇವೆಲ್ಲ ಒಳಗಿನಿಂದ ಕಂಡದ್ದು. ಸ್ಕಾರಿಲ್ಡ್ ಹೆಸರಿನ ಒಂದು ಹಳ್ಳಿ ಡೆನ್ಮಾರ್ಕಿನಲ್ಲಿ ಇದೆ, ಆದರೆ ಅದು ಜಟ್‌ಲ್ಯಾಂಡಿನ ಮಧ್ಯಭಾಗದ್ದು, ಚಿತ್ರದ ಊರು ಅದಲ್ಲ. ಚಿತ್ರದಲ್ಲಿ ಕಾಣುವ ನೆಲ ಜರ್ಮನಿಯ ಗಡಿಯ ಹತ್ತಿರದ್ದು, ಟೊಂಡರ್, ಹೊಯರ್ ಕಡೆಯ ತಗ್ಗು ಪ್ರದೇಶ. ಸಮುದ್ರ ಒಳನುಗ್ಗದಂತೆ ಏರಿ ಕಟ್ಟಿ ಉಳಿಸಿಕೊಂಡ ಭೂಮಿ ಅದು. 1864ರ ಯುದ್ಧದಲ್ಲಿ ಸೋತು ಡೆನ್ಮಾರ್ಕ್ ಆ ಪ್ರಾಂತ್ಯ ಕಳೆದುಕೊಂಡಿತು, ಜನಮತದ ಮೂಲಕ 1920ರಲ್ಲಿ ಅದರ ಉತ್ತರ ಭಾಗ ಮರಳಿ ಬಂತು. ಐವತ್ತಾರು ವರ್ಷ ಬೇರೆ ಆಳ್ವಿಕೆಯಲ್ಲಿದ್ದ ನೆಲದ ಮೇಲೆ ರಾಜಧಾನಿಯಿಂದ ಬಂದ ಸಮವಸ್ತ್ರದವನನ್ನು ಜನ ಹೇಗೆ ನೋಡುತ್ತಾರೆ ಎಂಬುದನ್ನು ಈ ಹಿನ್ನೆಲೆ ಇಟ್ಟುಕೊಂಡು ನೋಡಿದರೆ ಚಿತ್ರ ಇನ್ನಷ್ಟು ತೆರೆದುಕೊಳ್ಳುತ್ತದೆ.

ಅಲ್ಲಿಯ ಪೊಲೀಸರು ಹೀಗೆಯೇ ಎಂಬ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಚಿತ್ರದ ನಗೆಯ ಬೇರು ಇರುವುದೇ ಇಲ್ಲಿ.

ಅಂಗಡಿಯ ದೃಶ್ಯ ನೆನಪಿಸಿಕೊಳ್ಳಿ. ಕಳ್ಳತನ ಮಾಡಿದ ಹುಡುಗನೊಬ್ಬ ಸಿಕ್ಕಿಬಿದ್ದಿದ್ದಾನೆ. ರಾಬರ್ಟ್ ಬರುತ್ತಾನೆ. ಅಂಗಡಿಯವನು ಕಾಯುತ್ತಿರುವುದು ದೂರು ಬರೆದುಕೊಳ್ಳಲಿ ಎಂದಲ್ಲ, ಒಂದು ಏಟು ಹಾಕಿ ಮುಗಿಸಲಿ ಎಂದು. ಅಲ್ಲಿ ಹಿಂದಿನಿಂದ ನಡೆದುಕೊಂಡು ಬಂದದ್ದೇ ಹಾಗೆ. ನಮ್ಮ ಊರುಗಳಲ್ಲಿ ‘ಎರಡು ಬಿಟ್ಟು ಕಳಿಸಿ ಸಾರ್, ಕೇಸು ಗೀಸು ಯಾಕೆ?’ ಎನ್ನುವ ಮಾತು ಕೇಳಿ ಬೆಳೆದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಡೆನ್ಮಾರ್ಕಿನ ನೋಡುಗ ಅದೇ ದೃಶ್ಯಕ್ಕೆ ಬೆಚ್ಚುತ್ತಾನೆ, ಬೆಚ್ಚಿದ ಮೇಲೆ ನಗುತ್ತಾನೆ. ಏಕೆಂದರೆ ಆ ದೇಶದಲ್ಲಿ 1997ರಿಂದ ಹೆತ್ತವರು ಕೂಡ ಮಕ್ಕಳ ಮೇಲೆ ಕೈ ಮಾಡುವಂತಿಲ್ಲ. ಪಕ್ಕದ ಸ್ವೀಡನ್ ಇಂಥ ಕಾನೂನನ್ನು 1979ರಲ್ಲೇ, ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ತಂದಿತ್ತು. ಚಿತ್ರ ಬಂದಾಗ ಡೆನ್ಮಾರ್ಕಿನಲ್ಲಿ 15 ವರ್ಷದೊಳಗಿನವರ ಮೇಲೆ ಕ್ರಿಮಿನಲ್ ಮೊಕದ್ದಮೆಯೇ ಇಲ್ಲ. ಅಂಥ ಹುಡುಗ ಕದ್ದರೆ ಪೊಲೀಸ್ ಮಾಡಬೇಕಾದ್ದು ಮನೆಯವರಿಗೆ ತಿಳಿಸಿ ಪುರಸಭೆಯ ಸಮಾಜ ಸೇವಾ ವಿಭಾಗಕ್ಕೆ ವರದಿ ಕೊಡುವುದು. ಶಾಲೆ, ಸಮಾಜ ಸೇವಾ ವಿಭಾಗ, ಪೊಲೀಸ್ ಮೂವರೂ ಕೂತು ಹುಡುಗನ ವಿಷಯ ಮಾತಾಡುವ ಏರ್ಪಾಡು ಅಲ್ಲಿ 1970ರ ದಶಕದಿಂದ ಇದೆ. ಇಷ್ಟೆಲ್ಲ ಕಟ್ಟಿಕೊಂಡ ದೇಶದ ಒಂದು ಮೂಲೆಯಲ್ಲಿ ಅಂಗಡಿಯವನೊಬ್ಬ ಅದರ ಸುಳಿವೇ ಇಲ್ಲದವನ ಹಾಗೆ ನಿಂತಿರುತ್ತಾನೆ. ನಿಯಮ ಹೇಳುವ ರಾಬರ್ಟನೇ ಅಲ್ಲಿ ಮಂಕನಂತೆ ಕಾಣುತ್ತಾನೆ. ನಗು ಹುಟ್ಟುವುದು ಆ ಅಂತರದಲ್ಲಿ. ಮುಂದೆ ರಾಬರ್ಟನ ಕೈ ನಿಜಕ್ಕೂ ಎದ್ದಾಗ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳಬೇಕು. ಅದಕ್ಕಾಗಿಯೇ ಮೊದಲ ದೃಶ್ಯ ಅಲ್ಲಿದೆ.

ಇಂಗರ್‌ಲೀಸೆಯ ವಿಷಯದಲ್ಲೂ ಅಷ್ಟೆ. ಹೆಂಡತಿ ಬರೆದುಕೊಡದಿದ್ದರೆ ಪೊಲೀಸರ ಕೈ ಕಟ್ಟಿದಂತೆ ಎಂದು ನಿಮ್ಮ ನೋಡುಗರು ಅಂದುಕೊಂಡಿರಬಹುದು. ಅಲ್ಲಿ ಹಾಗಿಲ್ಲ. ಹಲ್ಲೆ ಸರ್ಕಾರವೇ ನಡೆಸುವ ಮೊಕದ್ದಮೆ. ಮೇಲಾಗಿ 2004ರ ಕಾನೂನು ಮನೆಯಲ್ಲಿ ಹಿಂಸೆ ಕೊಡುವವನನ್ನು ಸ್ವಲ್ಪ ಕಾಲ ಮನೆಯಿಂದಲೇ ಹೊರಗಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ರಾಬರ್ಟನ ಕೈಯಲ್ಲಿ ಕಾನೂನಿನ ಈ ಆಯುಧ ಇತ್ತು, ಬಳಸಲಿಲ್ಲ. ಊರು ಬೇಡವೆಂದಿತು, ಅವನಿಗೂ ಗಲಾಟೆಯಿಲ್ಲದೆ ದಿನ ಕಳೆದು ರಾಜಧಾನಿಗೆ ಹೋಗಬೇಕಿತ್ತು. ಇದು ಗೊತ್ತಿದ್ದು ನೋಡುವುದಕ್ಕೂ ಗೊತ್ತಿಲ್ಲದೆ ನೋಡುವುದಕ್ಕೂ ಅಜಗಜಾಂತರ. ಗೊತ್ತಿಲ್ಲದವರಿಗೆ ಅವನು ಅಸಹಾಯಕ, ಗೊತ್ತಿದ್ದವರಿಗೆ ಅವನು ಪಾಲುದಾರ.

ಹಾಗಾಗಿ ಅಲ್ಲಿಯ ಪೊಲೀಸರು ಹೀಗೆಯೇ ಎಂದು ಕೇಳಿದರೆ, ಇಲ್ಲ. ಚಿತ್ರ ಇಲಾಖೆಯ ವರದಿಯಲ್ಲ. ಒಂಟಿ ಪೊಲೀಸಿನ ಹಳ್ಳಿ ಠಾಣೆ ಎಂಬ ಹಳೆಯ ವ್ಯವಸ್ಥೆ ಕಣ್ಮರೆಯಾಗುತ್ತಿದ್ದ ಹೊತ್ತಿನಲ್ಲಿ ಬಂದ ಚಿತ್ರ ಇದು. 2007ರ ಜನವರಿ 1ಕ್ಕೆ ಡೆನ್ಮಾರ್ಕಿನ 54 ಪೊಲೀಸ್ ಜಿಲ್ಲೆಗಳು 12ಕ್ಕೆ ಇಳಿದವು. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ಸ್ವತಂತ್ರ ಪ್ರಾಧಿಕಾರ ಶುರುವಾಗಿದ್ದು 2012ರಲ್ಲಿ, ಚಿತ್ರ ಬಂದ ಮೇಲೆ. ಠಾಣೆ ದೂರವಾದರೆ ಊರು ತನ್ನ ನ್ಯಾಯ ತಾನೇ ನೋಡಿಕೊಳ್ಳುತ್ತದೆ ಎಂಬ ಭಯ, ಹತ್ತಿರದಲ್ಲೇ ಇದ್ದ ಪೊಲೀಸ್ ಊರಿನವನೇ ಆಗಿಬಿಡುತ್ತಾನೆ ಎಂಬ ಭಯ, ಎರಡೂ ಆ ಕಾಲದ ಅಲ್ಲಿಯ ಜನರಿಗೆ ನಿಜವಾದವು.

ಇನ್ನು ‘ನಮ್ಮ ಊರಿನವರಿಗೆ ಅರ್ಥವಾಗುವುದಿಲ್ಲ’ ಎಂಬ ಮಾತು. ಇದನ್ನು ಒಪ್ಪಬೇಡಿ. ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ ಹುಟ್ಟಿದ್ದು 1973ರಲ್ಲಿ. ಜಗತ್ತಿನ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟರೆ ಅವರು ಎಷ್ಟು ಚುರುಕಾಗಿ ನೋಡುತ್ತಾರೆ ಎಂಬುದು ಅಂದೇ ಗೊತ್ತಾದ ಸಂಗತಿ. ಸಣ್ಣ ಊರಿನ ಗುಟ್ಟು, ಗೊತ್ತಿದ್ದೂ ಗೊತ್ತಿಲ್ಲದಂತಿರುವ ನೆರೆಹೊರೆ, ಹೊಸದಾಗಿ ಬಂದ ಸರ್ಕಾರಿ ನೌಕರನನ್ನು ಅಳೆಯುವ ಕಣ್ಣು, ಇವನ್ನೆಲ್ಲ ಅರಿಯುವುದರಲ್ಲಿ ನಿಮ್ಮ ತಾಲ್ಲೂಕಿನವರು ಕೋಪನ್‌ಹೇಗನ್ನಿನವರಿಗಿಂತ ಮುಂದಿದ್ದಾರೆ.

ಎರಡನೆಯ ಎಡವಟ್ಟು ಶಬ್ದದ್ದು ಎಂದು ನನ್ನ ಊಹೆ. ನೀವು ಅದನ್ನು ಬರೆದಿಲ್ಲ, ಆದರೆ ನಮ್ಮ ಸಭಾಂಗಣಗಳನ್ನು ಬಲ್ಲವರಿಗೆ ಅನುಮಾನ ಬಂದೇ ಬರುತ್ತದೆ. ಈ ಚಿತ್ರದ ಅತಿ ಮುಖ್ಯ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಒಂದು ಗಾಲಿ ಆಡುತ್ತದೆ. ಯೊರ್ಗೆನ್ ಹೆಂಡತಿಗೆ ಹೊಡೆಯುವಾಗಲೆಲ್ಲ ಅವರ ಪುಟ್ಟ ಮಗಳು ಡೋರ್ಟೆ ಮನೆಬಿಟ್ಟು ಬಂದು ತಳ್ಳುಗಾಡಿ ತಳ್ಳಿಕೊಂಡು ಖಾಲಿ ಬೀದಿಯಲ್ಲಿ ನಡೆಯುತ್ತಾಳೆ. ಗಾಲಿ ಕಿರ್ರೆನ್ನುತ್ತದೆ. ಆ ಸದ್ದು ಕೇಳಿದರೆ ಊರಿಗೆಲ್ಲ ಗೊತ್ತು, ಈಗ ಆ ಮನೆಯಲ್ಲಿ ಏನಾಗುತ್ತಿದೆ ಎಂದು. ಯಾರೂ ಹೊರಗೆ ಬರುವುದಿಲ್ಲ. ಮೊದಲ ಸಲ ನೋಡುಗರಿಗೆ ಅದು ಬರೀ ಸದ್ದು. ಅರ್ಥ ತಿಳಿದ ಮೇಲೆ ಅದೇ ಸದ್ದು ಬಂದರೆ ಹೊಡೆತವನ್ನು ತೋರಿಸುವ ಅಗತ್ಯವೇ ಇರುವುದಿಲ್ಲ. ಆಮೇಲೆ ಬೀದಿಯ ಒಂದು ಮುಚ್ಚಿದ ಬಾಗಿಲು ಕಂಡರೂ ಸಾಕು, ಮೈ ಜುಮ್ಮೆನ್ನುತ್ತದೆ.

ಕಿರ್ರೆನ್ನುವ ಆ ಸದ್ದು ಸಣ್ಣದು. ಸೀಲಿಂಗ್ ಫ್ಯಾನ್‌ಗಳೆಲ್ಲ ಪೂರ್ತಿ ವೇಗದಲ್ಲಿ ತಿರುಗುವ ಹಾಲಿನಲ್ಲಿ, ಭಾಷಣಕ್ಕೆಂದು ಹೊಂದಿಸಿದ ಸ್ಪೀಕರಿನಲ್ಲಿ ಅದು ಮುಳುಗಿಹೋಗುತ್ತದೆ. ಮಾಡಬೇಕಾದ್ದು ಇಷ್ಟು: ಫ್ಯಾನ್ ವೇಗ ಅರ್ಧಕ್ಕೆ ಇಳಿಸಿ, ಸೆಕೆಯಾದರೆ ಬಾಗಿಲು ತೆರೆದಿಡಿ, ಪ್ರೊಜೆಕ್ಟರನ್ನು ಕೂತವರಿಂದ ದೂರವಿಡಿ. ಸ್ಪೀಕರ್ ಎರಡೇ ಇದ್ದರೆ ಪ್ಲೇಯರಿನ ಆಡಿಯೊ ಸೆಟ್ಟಿಂಗಿನಲ್ಲಿ ‘ಸ್ಟೀರಿಯೊ’ ಆರಿಸಿ. 5.1 (ಆರು ಚಾನೆಲ್ಲಿನ) ಧ್ವನಿಯಲ್ಲಿ ಮಾತು ಬರುವುದು ನಡುವಿನ ಚಾನೆಲ್ಲಿನಿಂದ. ಅದನ್ನು ಎರಡು ಸ್ಪೀಕರಿಗೆ ಸರಿಯಾಗಿ ಬೆರೆಸದಿದ್ದರೆ ಸಂಗೀತ ಅಬ್ಬರಿಸುತ್ತದೆ, ಮಾತು ಪಿಸುಗುಟ್ಟುತ್ತದೆ. ಆಂಪ್ಲಿಫೈಯರಿನ ಬಾಸ್ ಬೂಸ್ಟ್, ಎಕೋ ಎರಡನ್ನೂ ಆಫ್ ಮಾಡಿ. ಶಾಮಿಯಾನಾದವರ ಸೆಟ್ಟಿನಲ್ಲಿ ಎಕೋ ಯಾವಾಗಲೂ ಆನ್ ಇರುತ್ತದೆ, ನೋಡಿಕೊಳ್ಳಿ. ಗಾಲಿಯ ಸದ್ದಿರುವ ಒಂದು ದೃಶ್ಯವನ್ನು ಹಾಲಿನ ಕೊನೆಯ ಸಾಲಿನಲ್ಲಿ ಕೂತು ಕೇಳಿ. ಅಲ್ಲಿ ಕೇಳಿಸಿದರೆ ಎಲ್ಲ ಕಡೆ ಕೇಳಿಸುತ್ತದೆ.

ಚಿತ್ರದ ಚೌಕಟ್ಟು ಅಗಲವಾದದ್ದು. ಪರದೆ ತುಂಬಲಿ ಎಂದು ಜೂಮ್ ಮಾಡಬೇಡಿ. ಚಪ್ಪಟೆ ನೆಲದ ಅಂಚಿನಲ್ಲಿ ಒಬ್ಬನೇ ನಿಂತ ಪೊಲೀಸ್, ಇನ್ನೊಂದು ಅಂಚಿನಲ್ಲಿ ಅವನನ್ನೇ ನೋಡುತ್ತಿರುವ ಊರವನು, ಇಂಥ ಚಿತ್ರಣದಲ್ಲಿ ಎರಡು ಪಕ್ಕ ಕತ್ತರಿಸಿಹೋದರೆ ನಗುವೂ ಕತ್ತರಿಸಿಹೋಗುತ್ತದೆ. ಗೆಂಝ್ ಹಳೆಯ ಕೌಬಾಯ್ ಚಿತ್ರಗಳ ಚೌಕಟ್ಟನ್ನು ಬೇಕೆಂದೇ ತಂದಿದ್ದಾರೆ: ಒಂದೇ ಬೀದಿ, ಒಂದೇ ಹೆಂಡದಂಗಡಿ, ಹೊಸಬ ಒಳಬಂದರೆ ನಿಂತುಹೋಗುವ ಮಾತು.

ಈಗ ಮೂರನೆಯದು, ನಿಮ್ಮ ಸಬ್‌ಟೈಟಲ್. ಕೊನೆಕೊನೆಗೆ ಮಾತು ಮತ್ತು ಅಕ್ಷರ ಬೇರೆಯಾದವು ಎಂದಿರಿ. ಇದು ನಿಮ್ಮ ಅನುವಾದದ ತಪ್ಪಲ್ಲ, ಫ್ರೇಮ್ (ಸಿನಿಮಾದ ಒಂದೊಂದು ಬಿಡಿ ಚಿತ್ರ) ಲೆಕ್ಕದ್ದು. ಯುರೋಪಿನ ಡಿವಿಡಿಯಲ್ಲಿ ಸೆಕೆಂಡಿಗೆ 25 ಫ್ರೇಮ್ ಇರುತ್ತದೆ, ಅಮೆರಿಕದ ಪ್ರತಿಗಾಗಿ ಮಾಡಿದ ಸಬ್‌ಟೈಟಲ್ ಸಾಮಾನ್ಯವಾಗಿ 23.976ರ ಲೆಕ್ಕದ್ದು. ಎರಡನ್ನೂ ಜೋಡಿಸಿದರೆ ಶುರುವಿನಲ್ಲಿ ಸರಿಯಿರುತ್ತದೆ, ಹೋಗಹೋಗುತ್ತ ಅಂತರ ಬೆಳೆಯುತ್ತದೆ. ಒಂದೂವರೆ ಗಂಟೆಯ ಚಿತ್ರದ ಕೊನೆಗೆ ಅಂತರ ಮೂರೂವರೆ ನಿಮಿಷ ದಾಟುತ್ತದೆ. ಇಡೀ ಕಡತವನ್ನು ಎರಡು ಸೆಕೆಂಡ್ ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಇದು ಹೋಗದು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸುವ ಆಯ್ಕೆ ಇದೆ. ಅದು ಕೈಕೊಟ್ಟರೆ ಮೊದಲ ಮಾತು ಮತ್ತು ಕೊನೆಯ ಮಾತು ಎರಡರ ಸಮಯವನ್ನು ಕೈಯಿಂದ ಹೊಂದಿಸಿ, ನಡುವಿನದೆಲ್ಲ ಅನುಪಾತದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಆಮೇಲೆ ಹತ್ತನೆಯ, ನಲವತ್ತೈದನೆಯ, ಎಂಬತ್ತನೆಯ ನಿಮಿಷದಲ್ಲಿ ಒಂದೊಂದು ಮಾತು ಪರೀಕ್ಷಿಸಿ. ಮೂರೂ ಸರಿಯಿದ್ದರೆ ಕೆಲಸ ಮುಗಿಯಿತು. ನಡುವೆ ಎಲ್ಲೋ ಒಂದೇ ಕಡೆ ದಿಢೀರನೆ ಜಿಗಿದಿದ್ದರೆ ಅದು ಬೇರೆ ಕಾಯಿಲೆ: ನಿಮ್ಮ ಪ್ರತಿಯಲ್ಲಿ ಏನೋ ಕತ್ತರಿಸಿಹೋಗಿದೆ.

ನಗುವನ್ನು ಕೊಲ್ಲುವ ಇನ್ನೊಂದು ತಪ್ಪು ಹೊಸಬರು ಮಾಡಿದ ಸಬ್‌ಟೈಟಲ್‌ಗಳಲ್ಲೆಲ್ಲ ಕಾಣುತ್ತದೆ. ಮಾತಿನ ಎರಡು ಭಾಗವನ್ನೂ ಒಟ್ಟಿಗೆ ಪರದೆಗೆ ತರುವುದು. ನಾನೇ ಕಟ್ಟಿದ ಒಂದು ಉದಾಹರಣೆ ನೋಡಿ, ಚಿತ್ರದ ಮಾತಲ್ಲ: ‘ಹಿಂದಿದ್ದ ಸಾಹೇಬರು ಬಹಳ ಒಳ್ಳೆಯವರು. ಒಂದೇ ಏಟಿಗೆ ಮುಗಿಸುತ್ತಿದ್ದರು.’ ನಟ ಮೊದಲ ವಾಕ್ಯ ಹೇಳಿ, ಒಂದು ಗುಟುಕು ಬಿಯರ್ ಕುಡಿದು, ಎರಡನೆಯದನ್ನು ಹೇಳುತ್ತಾನೆ. ಎರಡೂ ಸಾಲು ಒಟ್ಟಿಗೆ ಬಂದರೆ ಜನ ಮೊದಲೇ ಓದಿ ಮುಗಿಸಿರುತ್ತಾರೆ, ಅವನು ಹೇಳುವ ಹೊತ್ತಿಗೆ ಮಾತು ತಣ್ಣಗಾಗಿರುತ್ತದೆ. ಒಡೆಯಿರಿ. ಮೊದಲ ಸಾಲು ಹೋಗಲಿ, ಗುಟುಕಿನ ಹೊತ್ತು ಪರದೆ ಖಾಲಿ ಇರಲಿ, ಬಾಯಿ ತೆರೆದಾಗ ಎರಡನೆಯದು ಬರಲಿ. ಸ್ಕ್ಯಾಂಡಿನೇವಿಯಾದ ಇಂಥ ಚಿತ್ರಗಳಲ್ಲಿ ಅರ್ಧ ಅಭಿನಯ ಆ ಖಾಲಿ ಹೊತ್ತಿನಲ್ಲೇ ಇರುತ್ತದೆ.

ಅಳತೆಗೆ: ಒಮ್ಮೆಗೆ ಎರಡು ಸಾಲು ಮೀರಬಾರದು. ಒಂದು ಸಾಲಿನಲ್ಲಿ ಐದಾರು ಪದ ಸಾಕು, ಕನ್ನಡದ ಪದ ಉದ್ದ. ಎಷ್ಟೇ ಚಿಕ್ಕ ಮಾತಾದರೂ ಒಂದು ಸೆಕೆಂಡ್ ನಿಲ್ಲಬೇಕು, ಎಷ್ಟೇ ದೊಡ್ಡದಾದರೂ ಆರೇಳು ಸೆಕೆಂಡ್ ದಾಟಬಾರದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಎರಡು ಫ್ರೇಮ್ ಬಿಡಿ, ಇಲ್ಲದಿದ್ದರೆ ಸಾಲು ಬದಲಾದದ್ದೇ ಕಣ್ಣಿಗೆ ತಿಳಿಯುವುದಿಲ್ಲ. ಇಂಗ್ಲಿಷಿನ ಪ್ರತಿಯೊಂದು ಪದವನ್ನೂ ತರುವ ಹಟ ಬಿಡಿ. ತುಂಬಿದ ವಾಕ್ಯ ಓದುತ್ತ ಕೂತವರಿಗೆ ನಟರ ಮುಖ ನೋಡಲು ಪುರುಸೊತ್ತಿರುವುದಿಲ್ಲ.

ನೀನು, ನೀವು ಎಂಬ ತೊಡಕು ನಿಮಗೂ ಬಂದಿರಬೇಕು. ಡೇನಿಷ್ ಜನ ಇಂದು ಹೆಚ್ಚುಕಡಿಮೆ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಾರೆ, ಇಂಗ್ಲಿಷ್ ಸಬ್‌ಟೈಟಲಿನಿಂದ ಏನೂ ಸುಳಿವು ಸಿಗದು. ಹಾಗೆಂದು ಪೊಲೀಸನನ್ನು ಅಂಗಡಿಯವನು ಮೊದಲ ದಿನವೇ ‘ನೀನು’ ಎಂದರೆ ನಮ್ಮ ಕಿವಿಗೆ ಅದು ಅವಮಾನ. ನನ್ನ ಸಲಹೆ: ಊರಿನವರು ‘ನೀವು’ ಎಂದೇ ಶುರುಮಾಡಲಿ, ರಾಬರ್ಟ್ ಅವರ ಗುಟ್ಟಿನೊಳಗೆ ಸೇರಿದ ಮೇಲೆ ‘ನೀನು’ ಆಗಲಿ. ಯಾವ ದೃಶ್ಯದಿಂದ ಎಂದು ಮೊದಲೇ ಗೊತ್ತುಮಾಡಿ, ಆಮೇಲೆ ಹಿಂದೆಮುಂದೆ ಆಗಬಾರದು. ಆ ಪ್ರಾಂತ್ಯದವರು ಬರುವಾಗಲೂ ಹೋಗುವಾಗಲೂ ಹೇಳುವ ‘ಮೊಯ್ನ್’ ಎಂಬ ನಮಸ್ಕಾರವನ್ನು ಹಾಗೆಯೇ ಬಿಡಿ. ಹೊರಗಿನವನಿಗೆ ಅದು ಬಾಯಿಗೆ ಬರುತ್ತದೋ ಇಲ್ಲವೋ ಎಂಬುದನ್ನು ಊರು ಗಮನಿಸುತ್ತಿರುತ್ತದೆ.

ತಾಂತ್ರಿಕವಾಗಿ ಇನ್ನೊಂದು ಎಚ್ಚರ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯುನಿಕೋಡಿಗೆ ಪರಿವರ್ತಿಸಿ, ಎಸ್‌ಆರ್‌ಟಿ ಕಡತವನ್ನು (ಸಬ್‌ಟೈಟಲಿನ ಕಡತ) ಉಳಿಸುವಾಗ ಎನ್‌ಕೋಡಿಂಗ್ ಆಯ್ಕೆಯಲ್ಲಿ ಯುಟಿಎಫ್-8 ಇರಲಿ. ಇಷ್ಟಾದರೂ ಟಿವಿಗೆ ಪೆನ್‌ಡ್ರೈವ್ ಚುಚ್ಚಿ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಕಾಣಬಹುದು, ಏಕೆಂದರೆ ಎಷ್ಟೋ ಟಿವಿಗಳಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ಲ್ಯಾಪ್‌ಟಾಪಿನಿಂದಲೇ ಹಾಕುವುದು ಕ್ಷೇಮ. ನೋಟೊ ಸಾನ್ಸ್ ಕನ್ನಡದಂಥ ಸರಳ ಫಾಂಟ್ ಇರಲಿ. ಕೆಳಗಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗದಂತೆ ಸಾಲಿನ ನಡುವಿನ ಜಾಗ ಸ್ವಲ್ಪ ಹೆಚ್ಚಿಸಿ.

ಕತ್ತರಿಸುವ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ಹಿಂಸೆಯ ಭಾಗ ತೆಗೆದರೆ ಉಳಿಯುವುದು ವಿಚಿತ್ರ ಜನರ ತಮಾಷೆ. ಊರಿನ ಮೌನಕ್ಕೆ ಬೆಲೆ ತೆರುವುದು ಯಾರು ಎಂಬುದೇ ಮರೆಯಾಗುತ್ತದೆ. ಆಗ ನಿಜಕ್ಕೂ ಹೆಣ್ಣಿನ ನೋವನ್ನು ನಗೆಯ ಪಕ್ಕ ಇಟ್ಟಂತಾಗುತ್ತದೆ. ಇಂಗರ್‌ಲೀಸೆಗೆ ಮುಂದೆ ಆಗುವುದನ್ನು, ಅದರಲ್ಲಿ ರಾಬರ್ಟನ ಕೈ ಇರುವುದನ್ನು ನೋಡುಗರು ಪೂರ್ತಿ ನೋಡಬೇಕು. ಅದನ್ನು ಮುಚ್ಚಿ ಕೊನೆಯ ಭಾಗ ತೋರಿಸಿದರೆ, ಊರು ಅವನನ್ನು ತನ್ನವನೆಂದು ಸೇರಿಸಿಕೊಳ್ಳುವುದರ ಭೀಕರತೆ ಅರ್ಥವೇ ಆಗದು. ಹಕ್ಕುದಾರರ ಅನುಮತಿಯಿಲ್ಲದೆ ಕತ್ತರಿ ಹಾಕುವುದು ಕಾನೂನಿನ ಪ್ರಕಾರವೂ ಸರಿಯಲ್ಲ.

‘ಕಾಪ್ಸ್’ ಹಾಕಬಹುದು. ಜೋಸೆಫ್ ಫಾರೆಸ್ ನಿರ್ದೇಶನದ 2003ರ ಚಿತ್ರ. ಹತ್ತು ವರ್ಷದಿಂದ ಒಂದೂ ಅಪರಾಧ ನಡೆಯದ ಊರಿನ ಠಾಣೆಯನ್ನು ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿದಾಗ ಪೊಲೀಸರೇ ಅಪರಾಧ ಹುಟ್ಟಿಸಲು ಹೊರಡುವ ಕತೆ. ಬೆನ್ನಿ ಎಂಬ ಪೊಲೀಸ್ ತಾನು ಹಾಲಿವುಡ್ ಹೀರೊ ಎಂದು ಹಗಲುಗನಸು ಕಾಣುವ ದೃಶ್ಯಗಳಿಗೆ ಸಬ್‌ಟೈಟಲೇ ಬೇಡ, ನಿಮ್ಮ ಸಭೆ ಹೊಟ್ಟೆ ಹಿಡಿದು ನಗುತ್ತದೆ. ಠಾಣೆ ಮುಚ್ಚುವ ಭಯವೂ ಹುಸಿಯಲ್ಲ: ಸ್ವೀಡನ್ 2015ರಲ್ಲಿ ತನ್ನ 21 ಪ್ರಾಂತೀಯ ಪೊಲೀಸ್ ಸಂಸ್ಥೆಗಳನ್ನು ಒಂದೇ ರಾಷ್ಟ್ರೀಯ ಪ್ರಾಧಿಕಾರಕ್ಕೆ ಸೇರಿಸಿತು, ನಾರ್ವೆ ಮರುವರ್ಷ 27 ಜಿಲ್ಲೆಗಳನ್ನು 12ಕ್ಕೆ ಇಳಿಸಿತು. ಅಪಾಯವೆಂದರೆ, ಇದು ಬೆಚ್ಚನೆಯ ಹಾಸ್ಯ, ಕರಾಳವಲ್ಲ. ಇದನ್ನು ನೋಡಿದವರು ‘ಟೆರಿಬ್ಲಿ ಹ್ಯಾಪಿ’ಯೂ ಹೀಗೇ ಎಂದು ಬಂದರೆ ಮತ್ತೆ ಅದೇ ಪೆಟ್ಟು. ನಡುವೆ ಇಡಲು ನಾರ್ವೆಯ ‘ಕ್ರಾಫ್ಟ್‌ಇಡಿಯೋಟೆನ್’ ಒಳ್ಳೆಯದು. ಹಾನ್ಸ್ ಪೆಟರ್ ಮೊಲಾಂಡ್ ನಿರ್ದೇಶನ, 2014. ಪೊಲೀಸರು ಅಲ್ಲಿ ಅಂಚಿನಲ್ಲಿದ್ದಾರೆ, ಕತೆ ಮಗನನ್ನು ಕಳೆದುಕೊಂಡ ಹಿಮ ಸರಿಸುವ ಗಾಡಿಯ ಚಾಲಕನದು. ಒಬ್ಬೊಬ್ಬರು ಸತ್ತಾಗಲೂ ಪರದೆ ಕಪ್ಪಾಗಿ ಸತ್ತವನ ಹೆಸರು ಮೂಡುತ್ತದೆ. ಸಾವಿನ ಎದುರು ನಗಬಹುದು ಎಂದು ನೋಡುಗನಿಗೆ ಚಿತ್ರವೇ ದಾರಿ ತೋರುವ ಕ್ರಮ ಅದು. ‘ಟೆರಿಬ್ಲಿ ಹ್ಯಾಪಿ’ ಅಂಥ ಯಾವ ಸಹಾಯವನ್ನೂ ಮಾಡುವುದಿಲ್ಲ. ತಿಂಗಳಿಗೊಂದರಂತೆ ಈ ಕ್ರಮದಲ್ಲಿ ಹಾಕಲು ನಿಮ್ಮಲ್ಲಿ ಸಮಯವಿದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಕಾಲೇಜಿನಲ್ಲಿ ನೇರ ‘ಟೆರಿಬ್ಲಿ ಹ್ಯಾಪಿ’ಯನ್ನೇ ಹಾಕಿ, ಆದರೆ ಆಹ್ವಾನವನ್ನು ಹೀಗೆ ಬದಲಿಸಿ:

‘ಡೆನ್ಮಾರ್ಕ್, 2008. ರಾಜಧಾನಿಯಿಂದ ವರ್ಗವಾಗಿ ಬಂದ ಒಬ್ಬ ಪೊಲೀಸ್, ತನ್ನ ನ್ಯಾಯ ತಾನೇ ನೋಡಿಕೊಳ್ಳುವ ಒಂದು ಊರು. ನಗು ಬರಬಹುದು, ಬಂದ ನಗು ಕಸಿವಿಸಿಯನ್ನೂ ತರಬಹುದು. ಕೌಟುಂಬಿಕ ಹಿಂಸೆಯ ದೃಶ್ಯಗಳಿವೆ. ಮಕ್ಕಳನ್ನು ಕರೆತರಬೇಡಿ.’

ಶುರುವಿಗೆ ಮುನ್ನ ಎರಡು ನಿಮಿಷ ಮಾತಾಡಿ. ಅಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲ, ಹೊಡೆಯುವ ಗಂಡನನ್ನು ಮನೆಯಿಂದ ಹೊರಗಿಡುವ ಅಧಿಕಾರ ಪೊಲೀಸನಿಗಿದೆ, ಈ ಎರಡು ಸಂಗತಿ ಸಾಕು. ಕತೆ ಹೇಳಬೇಡಿ, ಪ್ರಶಸ್ತಿಗಳ ಪಟ್ಟಿ ಓದಬೇಡಿ, ಎಲ್ಲಿ ನಗಬೇಕೆಂದು ಹೇಳಲೇಬೇಡಿ. ಚಿತ್ರ ಮುಗಿದ ಕೂಡಲೇ ಲೈಟು ಹಾಕದೆ ಹೆಸರುಗಳು ಓಡಿ ಮುಗಿಯುವವರೆಗೆ ಬಿಡಿ, ಚರ್ಚೆ ಆಮೇಲೆ. ಚರ್ಚೆಯಲ್ಲಿ ತನ್ನ ಮನೆಯ ಮಾತು ಆಡಲು ಯಾರಾದರೂ ಮುಂದಾಗಬಹುದು, ಕಾಲೇಜಿನಲ್ಲಿ ಇದು ಆಗದ ಸಂಗತಿಯೇನಲ್ಲ. ಸಭೆಯ ನಡುವೆ ಅದನ್ನು ಬೆಳೆಸಬೇಡಿ. ಪಕ್ಕಕ್ಕೆ ಕರೆದು ಕೇಳಿಸಿಕೊಳ್ಳಲು ಒಬ್ಬ ಅಧ್ಯಾಪಕಿಯನ್ನು ಮೊದಲೇ ಗೊತ್ತುಮಾಡಿರಿ, ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಂಖ್ಯೆ 112 ಎರಡನ್ನೂ ನೋಟಿಸ್ ಬೋರ್ಡಿನಲ್ಲಿ ಬರೆಸಿ. ಎದ್ದು ಹೋದ ಆ ಇಬ್ಬರಿಗೂ ಒಂದು ಮಾತು ಹೇಳಿ ಕಳಿಸಿ, ಹೊಸ ಆಹ್ವಾನ ತೋರಿಸಿ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ ಅನುಮತಿಯದ್ದು. ಕೊಂಡ ಡಿಸ್ಕಿನ ಹಕ್ಕು ಮನೆಯಲ್ಲಿ ನೋಡುವುದಕ್ಕಷ್ಟೆ. ಟಿಕೆಟ್ ಇಲ್ಲ ಎಂಬ ಕಾರಣಕ್ಕೆ ಸಾರ್ವಜನಿಕ ಪ್ರದರ್ಶನ ಸರಿಯಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಗೆ ಒಂದು ವಿನಾಯಿತಿ ಕೊಡುತ್ತದೆ: ಪ್ರದರ್ಶನ ಸಂಸ್ಥೆಯ ಚಟುವಟಿಕೆಯ ಭಾಗವಾಗಿರಬೇಕು, ನೋಡುಗರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಸೀಮಿತವಾಗಿರಬೇಕು. ಆದ್ದರಿಂದ ಕಾಲೇಜಿನ ಪ್ರದರ್ಶನವನ್ನು ಕಾಲೇಜೇ ತನ್ನ ಹೆಸರಿನಲ್ಲಿ ನಡೆಸಲಿ, ನೀವು ಸಹಾಯಕ್ಕೆ ನಿಲ್ಲಿ, ಊರಿಗೆಲ್ಲ ಪೋಸ್ಟರ್ ಅಂಟಿಸಬೇಡಿ. ಚಿತ್ರಸಮಾಜದ ಪ್ರದರ್ಶನಕ್ಕೆ ಈ ವಿನಾಯಿತಿ ಇಲ್ಲ. ಡೆನ್ಮಾರ್ಕಿನ ಯಾವ ಚಿತ್ರದ ಹಕ್ಕು ಯಾರಲ್ಲಿದೆ ಎಂದು ತಿಳಿಯಲು ಕೋಪನ್‌ಹೇಗನ್ನಿನ ಡ್ಯಾನಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಇಂಗ್ಲಿಷಿನಲ್ಲೇ ಪತ್ರ ಬರೆಯಬಹುದು. ಸ್ಥಳ, ದಿನಾಂಕ, ಆಸನಗಳ ಸಂಖ್ಯೆ, ಟಿಕೆಟ್ ಇದೆಯೇ ಇಲ್ಲವೇ, ಕನ್ನಡ ಸಬ್‌ಟೈಟಲ್ ಹಾಕುತ್ತೀರಿ ಎಂಬುದು, ಇಷ್ಟನ್ನೂ ಮೊದಲ ಪತ್ರದಲ್ಲೇ ತಿಳಿಸಿ. ಪತ್ರ ಹಿಂದೆ ಮುಂದೆ ಓಡಾಡುವುದಕ್ಕೆ ಸಮಯ ಹಿಡಿಯುತ್ತದೆ, ಮುಂದಿನ ಚಿತ್ರಕ್ಕೆ ಈಗಲೇ ಬರೆಯಿರಿ.